ಅಮ್ಮನ ಟೊಮ್ಯಾಟೊ ಗಿಡ

ಅಮ್ಮ ಶಿಕಾಗೋಕ್ಕೆ ಬಂದಿದ್ದಾಗ ನೆಟ್ಟುಹೋದ ಟೊಮ್ಯಾಟೊ ಗಿಡ ಮೊನ್ನೆ ಒಂದೇ ರಾತ್ರಿಯ ಹಿಮಕ್ಕೆ ಬೆಂದ ಸೊಪ್ಪಿನ ಹಾಗೆ ಜೋತುಬಿತ್ತು. ಪಕ್ಕದ ಕುಂಡದ ಎಲೆಕೋಸಿಗೆ ಏನೂ ಆಗಿಲ್ಲ! ಹೊಟ್ಟೆ ಉರಿದು ಓದಲು ಕೂತೆ.

ಎಲೆಕೋಸಿನ ನೆಂಟ ಅರಬಿಡಾಪ್ಸಿಸ್ ಗಿಡವನ್ನು 4 ಡಿಗ್ರಿಯಲ್ಲಿಟ್ಟರೆ 15 ನಿಮಿಷದಲ್ಲೇ ಸಿಬಿಎಫ್ ಜೀನುಗಳು ಎಚ್ಚರಗೊಳ್ಳುತ್ತವೆ. ಅವುಗಳ ಪ್ರೊಟೀನುಗಳು ನೂರರಷ್ಟು ಬೇರೆ ಜೀನುಗಳನ್ನು ಎಬ್ಬಿಸುತ್ತವೆ. ಕೋಶದೊಳಗೆ ಸಕ್ಕರೆ ಸೇರುತ್ತದೆ, ಹಿಮ ಬೀಳುವ ಹೊತ್ತಿಗೆ ಗಿಡ ತಯಾರು.

ತಮಾಷೆ ಅಂದ್ರೆ, ಟೊಮ್ಯಾಟೊದಲ್ಲೂ ಸಿಬಿಎಫ್ ಇದೆ, ಚಳಿಗೆ ಏಳುತ್ತದೆ ಕೂಡ. ಅದರ ಮಾತು ಕೇಳುವ ಜೀನುಗಳೇ ಕಮ್ಮಿ. ನಮ್ಮ ಆಫೀಸ್ ಭಾಷೆಯಲ್ಲಿ, ಅಲಾರ್ಮ್ ಹೊಡೀತು, ಮುಂದಿನ ಕೋಡೇ ಇಲ್ಲ.

ನನಗೂ ಹವಾಮಾನದ ಎಚ್ಚರಿಕೆ ಹಿಂದಿನ ಸಂಜೆಯೇ ಮೊಬೈಲಿಗೆ ಬಂದಿತ್ತು. ಓದಿ ಮಲಗಿದ್ದೆ.

‘ಕಾಯಿ ಹಣ್ಣಾಯ್ತೇನೋ?’ ಅಂತ ನಿನ್ನೆ ಅಮ್ಮನ ಫೋನು. ಎಲೆಕೋಸಿನ ಸುದ್ದಿ ಹೇಳಿದೆ.