ಪೇಬ್ಯಾಕ್ ಪಿರಿಯಡ್: ಹನ್ನೆರಡು ವರ್ಷ

ಭಾಗ 1/7

ಮೊದಲ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಎರಡು ರಾಗಿ ತೆನೆ, ಒಂದಕ್ಕೊಂದು ಅಂಟಿಕೊಂಡ ಹಾಗೆ ದಾರದಲ್ಲಿ ಕಟ್ಟಿದೆ. ಮೇಲೊಂದು ಬಟರ್ ಪೇಪರ್ ಕವರ್, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ನಂಬರ್ ಬರೆದ ಟ್ಯಾಗ್. ಕಟ್ಟಿದ್ದು ನಾನೇ. ಯಾಕೆ ಕಟ್ಟಿದೆ ಅಂತ ಹೇಳೋಕೆ ಮುಂಚೆ ನಾನು ಮಾಡಿದ ಒಂದು ಎಡವಟ್ಟು ಹೇಳ್ಬೇಕು.

ನಮ್ಮ ದೊಡ್ಡಪ್ಪನ ಮಗಳು ಎಂಎಸ್ಸಿ ಅಗ್ರಿ ಓದ್ತಿದ್ದಾಳೆ. ವಿಷಯ ಸಸ್ಯ ತಳಿ ಅಭಿವೃದ್ಧಿ, ಬೆಳೆ ರಾಗಿ. ಮೊನ್ನೆ ನೆಂಟರ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ಒಬ್ಬ ಮಾವ ಕೇಳಿದ್ರು, "ಏನವ್ವಾ, ಓದಿ ಏನ್ ಮಾಡ್ತೀಯಾ?"

"ಹೊಸ ರಾಗಿ ತಳಿ ಮಾಡೋ ಕೆಲ್ಸ ಮಾವ."

"ಎಷ್ಟು ದಿನ ಬೇಕು?"

"ಒಂದು ತಳಿಗೆ ಹತ್ತು-ಹನ್ನೆರಡು ವರ್ಷ."

ಅಷ್ಟು ಸಾಕಿತ್ತು ನಂಗೆ. ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಇಂಟರ್ನಲ್ಸ್ ಆಗಿ ವಾರ ಆಗಿತ್ತು, ತಲೆ ತುಂಬ ಅದೇ. "ಅಕ್ಕಾ, ಪೇಬ್ಯಾಕ್ ಪಿರಿಯಡ್ ಹನ್ನೆರಡು ವರ್ಷ ಅಂದ್ರೆ ಪ್ರಾಜೆಕ್ಟ್ ರಿಜೆಕ್ಟ್!" ಅಂದೆ. ಇಡೀ ಪಂಕ್ತಿ ನಕ್ಕಿತು. ಅಕ್ಕ ನಗಲಿಲ್ಲ. "ಸರಿ ಕಣೋ" ಅಂದು ಎಲೆ ಮಡಿಚಿ ಎದ್ದು ಹೋದ್ಲು. ಎಲೆ ಮೇಲೆ ಪಾಯಸ ಹಾಗೇ ಇತ್ತು.

ಆಮೇಲೆ ಮೆಸೇಜ್ ಮಾಡಿದೆ. ಬರೀ ಥಂಬ್ಸ್ ಅಪ್ ಬಂತು. ನಿಮಗೂ ಅಕ್ಕಂದಿರಿದ್ರೆ ಗೊತ್ತಿರುತ್ತೆ, ಬೈದ್ರೆ ಪರವಾಗಿಲ್ಲ, ಥಂಬ್ಸ್ ಅಪ್ ಬಂದ್ರೆ ಕಥೆ ಮುಗೀತು.

ಭಾಗ 2/7

ದಸರಾ ರಜೆಯಲ್ಲಿ ಅವಳೇ ಫೋನ್ ಮಾಡಿದ್ಲು. "ಆಳು ಸಿಗ್ತಿಲ್ಲ. ಬಾರೋ, ತೆನೆ ಕಟ್ಟೋದಿದೆ." ಕ್ಷಮೆ ಕೇಳೋಕೆ ಇದಕ್ಕಿಂತ ಒಳ್ಳೆ ಚಾನ್ಸ್ ಸಿಗಲ್ಲ ಅಂತ ಬಸ್ ಹತ್ತಿದೆ.

ಸಂಜೆ ಕೆಲಸ ಸಿಂಪಲ್ ಅನ್ನಿಸಿತು. ಇನ್ನೂ ಹೂ ಬಿಡದ ಎರಡು ತೆನೆ ಆರಿಸಿ ಒಟ್ಟಿಗೆ ಕಟ್ಟಬೇಕು, ಕವರ್ ಹಾಕಬೇಕು, ಟ್ಯಾಗ್ ಬರೀಬೇಕು. "ಇಷ್ಟೇನಾ?" ಅಂದೆ. "ಬೆಳಗಿನ ಜಾವ ನಾಲ್ಕಕ್ಕೆ ಎದ್ದೇಳು, ಹೇಳ್ತೀನಿ" ಅಂದ್ಲು.

ನಾಲ್ಕು ಗಂಟೆ, ಟಾರ್ಚ್ ಬೆಳಕು, ಇಬ್ಬನಿಗೆ ಪ್ಯಾಂಟ್ ಮೊಣಕಾಲವರೆಗೂ ಒದ್ದೆ. ಅಕ್ಕ ಲೆನ್ಸ್ ಕೊಟ್ಟು ಒಂದು ತೆನೆ ತೋರಿಸಿದ್ಲು. ರಾಗಿ ಹೂ ಅಂತ ಒಂದಿದೆ ಅನ್ನೋದೇ ಇಪ್ಪತ್ತು ವರ್ಷ ಮುದ್ದೆ ತಿಂದ ನಂಗೆ ಗೊತ್ತಿರಲಿಲ್ಲ! ಅದು ಅರಳೋದು ನಡುರಾತ್ರಿ ಕಳೆದು ಬೆಳಕು ಹರಿಯೋದ್ರೊಳಗೆ. ತೆನೆಯ ತುದಿಯಿಂದ ಶುರುವಾಗಿ ದಿನಾ ಸ್ವಲ್ಪ ಸ್ವಲ್ಪ ಕೆಳಗೆ ಇಳಿಯುತ್ತೆ. ಒಂದು ಹೂವಲ್ಲಿ ಮೂರು ಕೇಸರ, ನಡುವೆ ಹೆಣ್ಣು ಭಾಗ, ಇಷ್ಟೂ ರಾಗಿ ಕಾಳಿನಷ್ಟು ಜಾಗದಲ್ಲಿ.

ಸಮಸ್ಯೆ ಏನಂದ್ರೆ, ರಾಗಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತೆ. ಹೊರಗಿನ ಪರಾಗ ಸೇರೋದು ನೂರಕ್ಕೆ ಒಂದರ ಆಸುಪಾಸು ಮಾತ್ರ. ಹೊಸ ತಳಿ ಬೇಕಂದ್ರೆ ಎರಡು ಬೇರೆ ಗಿಡಗಳ ಗುಣ ಸೇರಿಸಬೇಕು. ಇಷ್ಟು ಸಣ್ಣ ಹೂವಿಂದ ಗಂಡು ಭಾಗ ಚಿಮಟದಲ್ಲಿ ಕೀಳ್ತೀನಿ ಅಂದ್ರೆ ಕಣ್ಣು ಹೋಗುತ್ತೆ, ಹೂವೂ ಹೋಗುತ್ತೆ.

ಅದಕ್ಕೇ ಈ ದಾರ. ಒಂದೇ ಸಮಯಕ್ಕೆ ಅರಳೋ ಎರಡು ತೆನೆಗಳನ್ನ ಮೈಗೆ ಮೈ ತಾಗಿಸಿ ಕಟ್ಟಿದ್ರೆ, ಇದರ ಪರಾಗ ಅದರ ಹೂವಿಗೆ ಬೀಳೋ ಸಾಧ್ಯತೆ ಸ್ವಲ್ಪ ಹೆಚ್ಚುತ್ತೆ. ಸ್ವಲ್ಪ ಅಷ್ಟೇ. ತೆನೆ ತುಂಬ ಕಾಳು ಬಂದ್ರೂ ಅದರಲ್ಲಿ ನಿಜವಾದ ಸಂಕರ ಬೆರಳೆಣಿಕೆಯಷ್ಟು.

"ಅದು ಯಾವ್ದು ಅಂತ ಹೆಂಗೆ ಗೊತ್ತಾಗುತ್ತಕ್ಕ?"

"ತಂದೆ ಗಿಡ ನೇರಳೆ ಗೆಣ್ಣಿಂದು, ತಾಯಿ ಗಿಡ ಹಸಿರು. ತಾಯಿ ತೆನೆಯ ಕಾಳು ಬಿತ್ತಿದಾಗ ಯಾವ ಸಸಿ ಗೆಣ್ಣಲ್ಲಿ ನೇರಳೆ ಕಾಣುತ್ತೋ ಅದು ನಮ್ದು. ಮಿಕ್ಕಿದ್ದೆಲ್ಲಾ ಕಿತ್ತು ಬಿಸಾಕ್ಬೇಕು."

ಭಾಗ 3/7

ಹನ್ನೆರಡು ವರ್ಷ ಎಲ್ಲಿಗೆ ಹೋಗುತ್ತೆ ಅಂತ ಕೇಳ್ತೀರಲ್ವಾ? ನಾನೂ ಕೇಳಿದೆ. ಎಂಟ್ರಿ ಪ್ರಕಾರ ಹೇಳ್ತೀನಿ.

ಮೊದಲ ಹಂಗಾಮು, ದಾರ ಕಟ್ಟೋದು. ಎರಡನೇದು, ನೇರಳೆ ಸಸಿ ಹುಡುಕೋದು. ಮೂರನೇದರಲ್ಲಿ ಅಸಲಿ ಆಟ. ಆ ಸಂಕರ ಗಿಡದ ಬೀಜ ಬಿತ್ತಿದ್ರೆ ಒಂದು ಗಿಡ ಇನ್ನೊಂದರ ಹಾಗಿರಲ್ಲ. ಒಂದು ಎತ್ತರ ಬೆಳೆದು ಗಾಳಿಗೆ ಮಲಗುತ್ತೆ, ಒಂದರ ತೆನೆ ದಪ್ಪ ಆದ್ರೆ ತೀರಾ ತಡ, ಇನ್ನೊಂದು ಎಲ್ಲಾ ಸರಿ ಆದ್ರೆ ರೋಗ. ಸಾಲು ಸಾಲು ಓಡಾಡಿ, ನಿಂತು ನೋಡಿ, ಚೆನ್ನಾಗಿರೋ ಗಿಡಕ್ಕೆ ಟ್ಯಾಗ್ ಕಟ್ಟಬೇಕು. ಅದರ ಬೀಜ ಬೇರೆಯಾಗಿ ಬಿತ್ತಿ ಮತ್ತೆ ಆರಿಸಬೇಕು. ಇಡೀ ಸಾಲು ಒಂದೇ ಥರ ಬರೋವರೆಗೂ ಐದಾರು ಪೀಳಿಗೆ ಇದೇ ಕೆಲಸ.

ಆಮೇಲೆ ಪರೀಕ್ಷೆ. ಈಗಾಗಲೇ ರೈತರ ಹತ್ರ ಇರೋ ಒಳ್ಳೆ ತಳಿ ಪಕ್ಕದಲ್ಲೇ ಬೆಳೆದು ಅದಕ್ಕಿಂತ ಮೇಲು ಅಂತ ತೋರಿಸಬೇಕು. ಒಂದು ಊರಲ್ಲಿ ಗೆದ್ರೆ ಸಾಲದು, ಬೇರೆ ಬೇರೆ ಮಣ್ಣು, ಬೇರೆ ಬೇರೆ ವರ್ಷದ ಮಳೆಯಲ್ಲೂ ಗೆಲ್ಲಬೇಕು. ಗೆದ್ದ ಮೇಲೆ ಬಿಡುಗಡೆ. ಆಮೇಲೆ ಬ್ರೀಡರ್ ಸೀಡ್, ಫೌಂಡೇಶನ್ ಸೀಡ್, ಸರ್ಟಿಫೈಡ್ ಸೀಡ್ ಅಂತ ಹಂತ ಹಂತವಾಗಿ ಬೀಜ ಹೆಚ್ಚಿಸಿ ರೈತರ ಕೈಗೆ.

ಪಿಯು ಸೈನ್ಸ್ ಓದ್ತಿರೋ ಫಾಲೋವರ್ಸ್‌ಗೆ: ಈ ದಾರಿ ಬೇಕಂದ್ರೆ ಬಿಎಸ್ಸಿ ಅಗ್ರಿ ನಾಲ್ಕು ವರ್ಷ, ಎಂಎಸ್ಸಿ ಎರಡು, ಅದರ ಮೇಲೆ ಪಿಎಚ್‌ಡಿ. ಆಮೇಲೆ ಕೃಷಿ ವಿವಿ, ಸರ್ಕಾರಿ ಸಂಶೋಧನಾ ಕೇಂದ್ರ ಅಥವಾ ಬೀಜದ ಕಂಪನಿ. ಅಕ್ಕನ ಜೊತೆ ಬಿಎಸ್ಸಿ ಮಾಡಿದವರಲ್ಲಿ ಕೆಲವರು ಬ್ಯಾಂಕ್ ಪರೀಕ್ಷೆ ಬರೆದು ಆಗಲೇ ಸಂಬಳ ಎಣಿಸ್ತಿದ್ದಾರೆ. ಇವಳು ಕಾಳು ಎಣಿಸ್ತಿದ್ದಾಳೆ. ಅವತ್ತು ಊಟದ ಪಂಕ್ತಿಯಲ್ಲಿ ನಾನು ಚುಚ್ಚಿದ್ದು ಅದೇ ಜಾಗಕ್ಕೆ ಅಂತ ನಂಗೆ ಆಗ ಹೊಳೆದಿರಲಿಲ್ಲ.

ಭಾಗ 4/7

ನಮ್ಮಜ್ಜಿ ಈಗಲೂ "ಇಂಡಾಪು ರಾಗಿ" ಅಂತಾರೆ. ಅದು ಯಾವ್ದೋ ಕಂಪನಿ ಹೆಸರು ಅಂದ್ಕೊಂಡಿದ್ದೆ ನಾನು. ಅಕ್ಕ ನಕ್ಕಳು. ಬಂದ ಮೇಲೆ ಅದೇ ಮೊದಲ ನಗು.

ಇಂಡಾಫ್ ಅಂದ್ರೆ ಇಂಡಿಯಾ ಪ್ಲಸ್ ಆಫ್ರಿಕಾ. ಮಾಡಿದವರು ರಾಗಿ ಲಕ್ಷ್ಮಣಯ್ಯ, ಮಂಡ್ಯದ ವಿ.ಸಿ. ಫಾರಂನಲ್ಲಿ. ಜನ ಅವರನ್ನ "ರಾಗಿ ಬ್ರಹ್ಮ" ಅಂತಲೂ ಕರೆದ್ರು. ಮಂಡ್ಯದವರಾಗಿದ್ದೂ ಈ ಹೆಸರು ಕೇಳಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಾನೂ ಕೇಳಿರಲಿಲ್ಲ.

ಮೊದಲು ಅವರು ನಮ್ಮಲ್ಲೇ ಇದ್ದ ರಾಗಿಗಳ ಮೇಲೆ ಕೆಲಸ ಮಾಡಿದ್ರು. ಅರುಣಾ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಒಂದೊಂದು ಹೆಸರೂ ಹೆಣ್ಣುಮಕ್ಕಳಿಗೆ ಇಟ್ಟ ಹಾಗಿದೆ ಅಲ್ವಾ? ಆಮೇಲೆ ಅವರ ಕಣ್ಣು ಹೋಗಿದ್ದು ಆಫ್ರಿಕಾದ ರಾಗಿ ಕಡೆ. ರಾಗಿಯ ತವರು ಅದೇ, ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಬಂದು ನಮ್ಮ ಮಣ್ಣಿಗೆ ಒಗ್ಗಿಕೊಂಡಿತು. ಅಲ್ಲೇ ಉಳಿದ ರಾಗಿಗೆ ದಪ್ಪ ಕಾಂಡ, ದೊಡ್ಡ ತೆನೆ. ಆದ್ರೆ ಮಾಗೋದು ನಿಧಾನ. ನಮ್ಮದು ಇಲ್ಲಿನ ಮಳೆಗೆ, ಕಾಲಕ್ಕೆ ಹೊಂದಿದ್ದು. ಎಷ್ಟೋ ಕಾಲದ ಹಿಂದೆ ದೂರ ಆದ ದಾಯಾದಿಗಳನ್ನ ಕರೆದು ಒಂದೇ ದಾರದಲ್ಲಿ ಕಟ್ಟಿದ ಹಾಗಾಯ್ತು.

1970ರ ದಶಕದಿಂದ ಇಂಡಾಫ್ ತಳಿಗಳು ಸಾಲಾಗಿ ಬಂದ್ವು. ಅದರಲ್ಲೂ ಒಂದು ಪ್ಲಾನ್ ಇದೆ ನೋಡಿ. ಇಂಡಾಫ್-8 ಮುಂಗಾರಿಗೆ, ಇಂಡಾಫ್-7 ಚಳಿ ಬೀಳೋ ಹಿಂಗಾರಿಗೆ, ಇಂಡಾಫ್-9 ಬೇಸಿಗೆಗೆ. ವರ್ಷಕ್ಕೊಂದು ಬೆಳೆ ಅಂತಿದ್ದ ರಾಗಿಯನ್ನ ನೀರಿರೋ ರೈತ ಯಾವ ಹಂಗಾಮಲ್ಲಾದ್ರೂ ಬಿತ್ತೋ ಹಾಗಾಯ್ತು. 1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಒಬ್ಬ ಮನುಷ್ಯನ ಕೆಲಸದ ಹೆಸರು ಅವರ ಮುಖವನ್ನೇ ನೋಡದ ನಮ್ಮಜ್ಜಿ ಬಾಯಲ್ಲಿ ಇನ್ನೂ ಇದೆ.

ಭಾಗ 5/7

ಈಗ ಕಾಮರ್ಸ್‌ನವರ ಪ್ರಶ್ನೆ. ಇಷ್ಟು ಒಳ್ಳೆ ಪ್ರಾಡಕ್ಟ್, ಇಷ್ಟು ದೊಡ್ಡ ಮಾರ್ಕೆಟ್. ಕಂಪನಿಗಳು ಯಾಕೆ ಮುಗಿಬೀಳಲ್ಲ?

ಹತ್ತಿಯಲ್ಲಿ ಬಿದ್ದವು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಮಾಡಿದ್ರು. ಅದೂ ಸರ್ಕಾರಿ ಸಂಶೋಧನೆಯೇ. ಆದ್ರೆ ಹೈಬ್ರಿಡ್ ಬೆಳೆಯ ಬೀಜ ಎತ್ತಿಟ್ಟು ಬಿತ್ತಿದ್ರೆ ಮುಂದಿನ ವರ್ಷ ಗಿಡ ಒಂದೇ ಥರ ಬರಲ್ಲ. ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. ಪ್ರತಿ ವರ್ಷ ಸೇಲ್ಸ್. ಬಿಸಿನೆಸ್ ಅಂದ್ರೆ ಅದು.

ರಾಗಿ ಹಾಗಲ್ಲ. ತನ್ನಿಂದ ತಾನೇ ಕಾಳು ಕಟ್ಟೋ ಬೆಳೆ. ರೈತ ಒಂದು ಸಲ ಬೀಜ ತಂದ್ರೆ ಒಳ್ಳೆ ತೆನೆ ಆರಿಸಿ ವಾಡೆಯಲ್ಲಿ ಇಟ್ಕೊಂಡು ವರ್ಷಗಟ್ಟಲೆ ಬಿತ್ತಬಹುದು, ಪಕ್ಕದ ಮನೆಗೂ ಕೊಡಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ಇದನ್ನ ಹಕ್ಕು ಅಂತ ಒಪ್ಪುತ್ತೆ: ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರ್ಯಾಂಡ್ ಹಾಕಿ ಮಾತ್ರ ಮಾರೋ ಹಾಗಿಲ್ಲ.

ಒಂದು ಲೆಕ್ಕ ಹಾಕಿ. ಎಕರೆಗೆ ಐದು ಕೆಜಿ ಬೀಜ ಸಾಕು ಅಂತಿಟ್ಕೊಳ್ಳಿ. ಹತ್ತು ಕ್ವಿಂಟಾಲ್ ಬೆಳೆ ಬಂತು. ಅಷ್ಟನ್ನೂ ಬೀಜಕ್ಕೇ ಇಟ್ರೆ 200 ಎಕರೆ. ಅದರ ಮುಂದಿನ ಬೆಳೆಗೆ 40,000 ಎಕರೆ. ಬೀಜದ ಅಂಗಡಿಗೆ ಇದರಿಂದ ಬಂದದ್ದು ಐದು ಕೆಜಿ ಬೀಜದ ದುಡ್ಡು. ಯಾವ ಇನ್ವೆಸ್ಟರ್ ಇದಕ್ಕೆ ಹನ್ನೆರಡು ವರ್ಷ ಕಾಯ್ತಾನೆ ಹೇಳಿ?

ಹಾಗಾಗಿ ರಾಗಿ ತಳಿ ಕೆಲಸ ಉಳಿದಿರೋದು ಬಹುಮಟ್ಟಿಗೆ ಸರ್ಕಾರಿ ಫಾರಂಗಳಲ್ಲಿ. ಲಾಭ ಬರ್ತಿಲ್ಲ ಅಂತಲ್ಲ. ಬಂದ ಲಾಭ ಬೇರೆಯವರ ಕಣಜದಲ್ಲಿ ಇರುತ್ತೆ, ಮಾಡಿದವರ ಬ್ಯಾಲೆನ್ಸ್ ಶೀಟ್‌ನಲ್ಲಿ ಇರಲ್ಲ.

ಭಾಗ 6/7

ಹಾಗಂತ ಇಂಡಾಫ್ ಬಂತು, ಕಥೆ ಮುಗೀತು ಅಂದ್ಕೋಬೇಡಿ. ರಾಗಿಗೆ ಬೆಂಕಿ ರೋಗ ಅಂತ ಬರುತ್ತೆ. ಶಿಲೀಂಧ್ರ ಅದು. ತೆನೆಯ ಕುತ್ತಿಗೆಗೆ ಬಿದ್ರೆ ಮೇಲಿನ ಕಾಳೆಲ್ಲಾ ಜೊಳ್ಳು. ಅಕ್ಕ ಒಂದು ತೆನೆ ತೋರಿಸಿದ್ಲು, ನೋಡೋಕೆ ಬೇಗ ಮಾಗಿದ ಹಾಗಿತ್ತು, ಉಜ್ಜಿದ್ರೆ ಕೈಯಲ್ಲಿ ಬರೀ ಹೊಟ್ಟು. ಇಂಡಾಫ್ ತಳಿಗಳಲ್ಲಿ ಹಲವು ಈ ರೋಗದ ಮುಂದೆ ಸೋತವು.

1990ರ ದಶಕದಲ್ಲಿ ಬೆಂಗಳೂರಿನ ಜಿಕೆವಿಕೆಯಿಂದ ಜಿಪಿಯು-28 ಬಂತು. ಬೆಂಕಿ ರೋಗ ತಡ್ಕೊಳ್ಳುತ್ತೆ ಅಂತ ನಮ್ಮ ಕಡೆ ಊರೂರಿಗೆ ಹಬ್ಬಿತು. ಅದರ ವಂಶಾವಳಿ ಅಕ್ಕ ನನ್ನ ನೋಟ್‌ಬುಕ್ ಹಿಂದಿನ ಪುಟದಲ್ಲಿ ಬರೆದು ತೋರಿಸಿದ್ಲು (ಮೂರನೇ ಫೋಟೋ). ಒಂದು ಕಡೆ ಇಂಡಾಫ್-5. ಇನ್ನೊಂದು ಕಡೆ ಇಂಡಾಫ್-9 ಜೊತೆ ಸೇರಿಸಿದ ಐಇ-1012 ಅನ್ನೋ ರಾಗಿ. ಅಂದ್ರೆ ಲಕ್ಷ್ಮಣಯ್ಯನವರ ರಾಗಿ ಅಜ್ಜ-ಅಜ್ಜಿ ಆಗಿ ಇದರೊಳಗೇ ಕೂತಿದೆ.

ಐಇ-1012 ಥರದ ನಂಬರುಗಳು ಎಲ್ಲಿಂದ ಬರುತ್ತೆ ಗೊತ್ತಾ? ಬೇರೆ ಬೇರೆ ಕಡೆಯಿಂದ ಸಂಗ್ರಹಿಸಿ ಕಾಪಾಡಿಟ್ಟ ಬೀಜದ ಭಂಡಾರದಿಂದ. ಯಾರೋ ರೈತರು ಎಷ್ಟೋ ತಲೆಮಾರು ಆರಿಸಿ ಉಳಿಸಿಕೊಂಡು ಬಂದ ನಾಟಿ ರಾಗಿಗಳೂ ಅಲ್ಲಿರುತ್ತೆ. ಹೊಸ ತಳಿ ಬಂದಾಗ ಹೊಲದಿಂದ ಹಳೇದು ಜಾಗ ಖಾಲಿ ಮಾಡುತ್ತೆ. ಆದ್ರೆ ನಾಳೆ ಹೊಸ ರೋಗ ಬಂದ್ರೆ ಬ್ರೀಡರ್ ವಾಪಸ್ ಹೋಗಿ ಕದ ತಟ್ಟೋದು ಆ ಹಳೇದರ ಮನೇದೇ. ಭಂಡಾರದಲ್ಲೂ ಇಲ್ಲ ಅಂದ್ರೆ ಮುಗೀತು, ಅದನ್ನ ಯಾವ ಲ್ಯಾಬೂ ಹೊಸದಾಗಿ ಹುಟ್ಟಿಸಿ ಕೊಡಲ್ಲ.

"ಹಂಗಾದ್ರೆ ನಿನ್ ಕೆಲ್ಸ ಮುಗಿಯೋದೇ ಇಲ್ವಾ?" ಅಂದೆ.

"ರೋಗ ಸುಮ್ನೆ ಕೂತ್ರೆ ಮುಗಿಯುತ್ತೆ" ಅಂದ್ಲು.

ಭಾಗ 7/7

ವಾಪಸ್ ಹೊರಡೋ ದಿನ ಬಸ್ ಸ್ಟ್ಯಾಂಡಲ್ಲಿ ಟೀ ಕುಡೀತಾ ಕೇಳಿದೆ, "ನಾನು ಕಟ್ಟಿದ ತೆನೆಯಿಂದ ತಳಿ ಯಾವಾಗ ಬರುತ್ತಕ್ಕ?"

"ಮುಂದಿನ ಸಲ ಬಿತ್ತಿ ನೇರಳೆ ಸಸಿ ಸಿಕ್ಕಿದ್ರೆ ಪುಣ್ಯ. ಅಷ್ಟೊತ್ತಿಗೆ ನನ್ ಎಂಎಸ್ಸಿ ಮುಗಿಯುತ್ತೆ. ಜೂನಿಯರ್‌ಗೆ ಒಪ್ಪಿಸಿ ಹೋಗ್ತೀನಿ. ಅವಳು ಇನ್ನೊಬ್ಬರಿಗೆ."

"ನಿನ್ ಹೆಸರು?"

"ಟ್ಯಾಗ್ ಮೇಲೆ ನಂಬರ್ ಇರುತ್ತಲ್ಲ."

ಬಸ್ಸಲ್ಲಿ ಕೂತು ಅದೇ ಎಫ್ಎಂ ನೋಟ್ಸ್ ತೆಗೆದೆ. ಪೇಬ್ಯಾಕ್ ವಿಧಾನದ ದೋಷಗಳು, ಐದು ಮಾರ್ಕ್ಸ್ ಪ್ರಶ್ನೆ. ಮೊದಲ ಪಾಯಿಂಟ್ ಏನು ಗೊತ್ತಾ? ಹಾಕಿದ ದುಡ್ಡು ವಾಪಸ್ ಬಂದ ಮೇಲೆ ಬರೋ ಕ್ಯಾಶ್ ಫ್ಲೋ ಈ ವಿಧಾನದಲ್ಲಿ ಲೆಕ್ಕಕ್ಕೇ ಬರಲ್ಲ. ಇಂಟರ್ನಲ್ಸ್‌ನಲ್ಲಿ ಅಂಡರ್‌ಲೈನ್ ಮಾಡಿ ಬರೆದಿದ್ದೆ ಇದನ್ನ. ಮಾರ್ಕ್ಸೂ ಬಂದಿತ್ತು. ಆದ್ರೆ ಊಟದ ಪಂಕ್ತಿಯಲ್ಲಿ ಇದೊಂದನ್ನೇ ಮರೆತು ಮಿಕ್ಕಿದ್ದೆಲ್ಲಾ ಹೇಳಿದ್ದೆ.

ನಮ್ಮಜ್ಜಿ ಮನೆ ಮುದ್ದೆ, ನಿಮ್ಮ ಮನೆ ಅಂಬಲಿ, ಹಾಸ್ಟೆಲಲ್ಲಿ ನಾವು ಬೈಕೊಂಡು ತಿನ್ನೋ ರಾಗಿ ದೋಸೆ, ಇದೆಲ್ಲಾ ಆಮೇಲಿನ ಕ್ಯಾಶ್ ಫ್ಲೋ. ಯಾರೋ ಬೆಳಗಿನ ಜಾವ ನಾಲ್ಕಕ್ಕೆ ಒದ್ದೆ ಪ್ಯಾಂಟಲ್ಲಿ ನಿಂತಿದ್ದರ ಪಾಲು.

ಅಕ್ಕಾ, ಅಷ್ಟು ಜನರ ಮುಂದೆ ನಕ್ಕಿದ್ದೆ, ಅದಕ್ಕೇ ಇಷ್ಟು ಜನರ ಮುಂದೆ ಹೇಳ್ತಿದ್ದೀನಿ. ಸಾರಿ. ಇದಕ್ಕೂ ಥಂಬ್ಸ್ ಅಪ್ ಕಳಿಸ್ಬೇಡ.

ನೀವೆಲ್ಲ ಒಂದು ಕೆಲಸ ಮಾಡಿ. ಇವತ್ತು ಮನೆಗೋ ಊರಿಗೋ ಫೋನ್ ಮಾಡಿದಾಗ "ನಾವು ಬಿತ್ತೋದು ಯಾವ ರಾಗಿ?" ಅಂತ ಕೇಳಿ. ರಾಗಿ ಇಲ್ಲದ ಕಡೆಯವರು ಜೋಳ, ಭತ್ತ, ಏನಿದೆಯೋ ಅದನ್ನ ಕೇಳಿ. ಹೆಸರು ಕಮೆಂಟಲ್ಲಿ ಹಾಕಿ. ಅಂಗಡಿ ರಾಗಿ ತಿನ್ನೋರಾದ್ರೆ ಅದನ್ನೇ ಹಾಕಿ, ತಪ್ಪೇನಿಲ್ಲ. ಅಜ್ಜಿ ಯಾವ್ದಾದ್ರೂ ನಾಟಿ ರಾಗಿ ಇನ್ನೂ ಇಟ್ಟಿದ್ದಾರೆ ಅಂದ್ರೆ ಮಾತ್ರ ನಂಗೆ ಡಿಎಂ ಮಾಡಿ. ಅಕ್ಕನಿಗೆ ಹೇಳ್ಬೇಕು.

#ರಾಗಿ #ಇಂಡಾಫ್ #ರಾಗಿಲಕ್ಷ್ಮಣಯ್ಯ #ಬಿಕಾಂಹುಡುಗನಲೆಕ್ಕ