ಊಟದ ಮೇಜಿನ ಕಾಲೇಜು

ಹಿಂದೆ ಕಾಲೇಜಿಗೆ ಹೋಗಬೇಕಾಗಿತ್ತು. ಮೈಸೂರಿನಲ್ಲಂತೂ ಈ ಹೋಗುವುದೇ ವಿದ್ಯಾಭ್ಯಾಸದ ಅರ್ಧ ಭಾಗ. ತಲೆ ಬಾಚಿ, ಇಸ್ತ್ರಿಯ ಬಟ್ಟೆ ತೊಟ್ಟು, ಬೈಸಿಕಲ್ಲನ್ನೇರಿ ಮಹಾರಾಜ ಕಾಲೇಜಿನ ಕಡೆಗೆ ಹೊರಟ ಹುಡುಗನನ್ನು ತಡೆದು ‘ಕೊಂಚ ಕೊತ್ತಂಬರಿ ಸೊಪ್ಪು ತಂದುಕೊಡಪ್ಪ’ ಎನ್ನುವ ಧೈರ್ಯ ಮನೆಯ ಹಿರಿಯರಿಗೂ ಇರಲಿಲ್ಲ. ಈಗ ಕಾಲೇಜೇ ಮನೆಗೆ ಬರುತ್ತದೆ. ತಾನಾಗಿ ಬಂದ ಅತಿಥಿಗೆ ಮಣೆ ಹಾಕುವವರು ಕಡಿಮೆಯೆಂಬುದು ಈ ಹೊಸ ವಿದ್ಯೆಯ ವಿಷಯದಲ್ಲಿಯೂ ನಿಜ.

ಸರಸ್ವತೀಪುರದ ಗೃಹಿಣಿಯೊಬ್ಬಳು ಇದನ್ನು ಸ್ವಾನುಭವದಿಂದಲೇ ಕಂಡುಕೊಂಡಳು. ಪಿ.ಯು.ಸಿ. ಮುಗಿಸಿದ ವರ್ಷವೇ ಆಕೆಗೆ ಮದುವೆಯಾಯಿತು. ಅಲ್ಲಿಂದೀಚೆಗೆ 24 ವರ್ಷಗಳು ಸಂದಿವೆ. ಪ್ರತಿದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುವಾಗ ಆಚೆ ದಿಕ್ಕಿನಲ್ಲಿ ಮಾನಸಗಂಗೋತ್ರಿಯ ಮರಗಳು ಕಾಣುತ್ತವೆ. 1960ರಲ್ಲಿ ಕುವೆಂಪು ಅವರು ಹೆಸರಿಟ್ಟು ನಿಲ್ಲಿಸಿದ ಆ ವಿದ್ಯಾಕ್ಷೇತ್ರ ಆಕೆಯ ಮನೆಯಿಂದ ಕಾಲ್ನಡಿಗೆಯ ದೂರ. ಆದರೂ ಆ ಕೆರೆಯನ್ನು ದಾಟಲು 24 ವರ್ಷ ಸಾಲದಾಗಿತ್ತು.

ಮನೆಯಲ್ಲಿ ಕುಳಿತು ಓದುವುದು ಮೈಸೂರಿಗೆ ಹೊಸದಲ್ಲ. ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ಯೆಂಬ ಹೆಸರು ಮುಂದೆ ದೇಶಕ್ಕೆಲ್ಲ ಹಬ್ಬಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಹೇಳತೊಡಗಿತು. ಆ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಚೆಯಲ್ಲಿ ಬಂದ ಪಾಠಗಳ ಕಟ್ಟು ಬಿಚ್ಚದೆಯೇ ಬೀರುವಿನ ಮೇಲೆ ಧೂಳು ತಿಂದ ಮನೆಗಳೆಷ್ಟೋ! ಆನ್‌ಲೈನ್ ಪಾಠಕ್ಕೆ ಧೂಳು ಹಿಡಿಯುವುದಿಲ್ಲ. ಹಿಡಿದಿದ್ದರೆ ನೋಡಿದವರಿಗಾದರೂ ನಾಚಿಕೆಯಾಗುತ್ತಿತ್ತು.

ಏಕಾಏಕಿ ಪದವಿಗೆ ಸೇರಲು ಆಕೆಗೆ ಅಂಜಿಕೆ. ಮೊದಲು ಒಂದು ಪಾಠವನ್ನು ಓದಿ ನೋಡುವುದೆಂದು ನಿಶ್ಚಯಿಸಿದಳು. ಕೇಂದ್ರ ಸರ್ಕಾರ 2017ರಲ್ಲಿ ತೆರೆದ ‘ಸ್ವಯಂ’ನಲ್ಲಿ, ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್‌ನ ಪಾಠಗಳಿವೆ. ಸೇರಲು ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ ಉಂಟು. ಮನೋವಿಜ್ಞಾನದ 12 ವಾರಗಳ ಪ್ರಾರಂಭಿಕ ಪಾಠವೊಂದನ್ನು ಆರಿಸಿಕೊಂಡಳು. ಇಂಜಿನಿಯರಿಂಗ್ ಓದುವ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಸರಿಮಾಡಿಕೊಟ್ಟ. ದೇವರಾಜ ಅರಸು ರಸ್ತೆಯಿಂದ ಹೆಡ್‌ಫೋನು, ಉದ್ದ ನೋಟುಪುಸ್ತಕ, ನಾಲ್ಕು ಪೆನ್ನುಗಳು ಬಂದವು. ಸಿದ್ಧತೆ ಮುಗಿಯಿತೆಂದುಕೊಂಡಳು.

ನಿಜವಾಗಿ ಅದು ಆರಂಭವೇ ಆಗಿರಲಿಲ್ಲ. ಪಾಠ ಶುರುವಾದ ಐದನೆಯ ನಿಮಿಷಕ್ಕೆ ಹಾಲಿನವನು. ಅದನ್ನು ನಿಲ್ಲಿಸಿ ಎದ್ದಳು. ಹನ್ನೊಂದನೆಯ ನಿಮಿಷಕ್ಕೆ ಯಜಮಾನರ ಕನ್ನಡಕ ಕಾಣಿಸಲಿಲ್ಲ; ಮತ್ತೆ ನಿಲ್ಲಿಸಿದಳು. ಗ್ಯಾಸಿನವನು, ಪಕ್ಕದ ಮನೆಯವರ ಬೀಗದ ಕೈ, ಒಗೆಯುವ ಯಂತ್ರದ ಕೂಗು. ಆಕೆ ಒಮ್ಮೆ ಮುಖ ಗಂಟಿಕ್ಕಿದಾಗ ಮಗ ನಿಷ್ಕಪಟವಾಗಿ ಕೇಳಿದ: “ಅದಕ್ಕೇನಮ್ಮ, ನಿಲ್ಲಿಸಬಹುದಲ್ಲ?”

ಕೇಡು ಇದ್ದದ್ದು ಅಲ್ಲಿಯೇ. ಕಾಲೇಜಿನ ಕೊಠಡಿಯಲ್ಲಿ ಮೇಷ್ಟರನ್ನು ಮಧ್ಯದಲ್ಲಿ ನಿಲ್ಲಿಸಲಾಗದು. ಆದುದರಿಂದಲೇ ಅಲ್ಲಿ ಕುಳಿತವಳನ್ನು ಯಾರೂ ಎಬ್ಬಿಸುವುದಿಲ್ಲ. ಪಾಠವನ್ನು ನಿಲ್ಲಿಸಬಹುದೆಂದು ತಿಳಿದೊಡನೆ, ಓದುವವಳನ್ನೂ ಎಬ್ಬಿಸಬಹುದೆಂದು ಇಡೀ ಮನೆ ಭಾವಿಸುತ್ತದೆ. ಯಾರಲ್ಲಿಯೂ ದ್ವೇಷವಿಲ್ಲ, ವಿರೋಧವಿಲ್ಲ. ವಿರೋಧವಿದ್ದಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು.

ಮೊದಲೆರಡು ವಾರಗಳ ಅಭ್ಯಾಸಪತ್ರಗಳ ಗಡುವು ಹೀಗೆಯೇ ದಾಟಿಹೋಯಿತು. ‘ಈ ವಯಸ್ಸಿನಲ್ಲಿ ಇದೆಲ್ಲ ಏಕೆ’ ಎಂಬ ಮಾತನ್ನು ಬೇರೆ ಯಾರೂ ಆಡಲಿಲ್ಲ. ರಾತ್ರಿ ಪಾತ್ರೆ ತೊಳೆಯುತ್ತ ಆಕೆಯೇ ಆಡಿಕೊಂಡಳು. ಆಮೇಲೆ ನಿಯಮಗಳನ್ನು ಮತ್ತೊಮ್ಮೆ ತೆರೆದು ಓದಿದಳು. ಹನ್ನೆರಡು ಅಭ್ಯಾಸಗಳಲ್ಲಿ ಚೆನ್ನಾಗಿ ಬರೆದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅವಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ತೇರ್ಗಡೆಯಾಗಲು ಅಲ್ಲಿ 10, ಇಲ್ಲಿ 30 ಬರಲೇಬೇಕು. ನಾಲ್ಕನ್ನು ಕಳೆದುಕೊಳ್ಳಲು ಅವಕಾಶವಿತ್ತ ಆ ನಿಯಮವನ್ನು ಸಂಸಾರಸ್ಥರೇ ಬರೆದಿರಬೇಕೆಂದು ಆಕೆಗೆ ತೋರಿತು. ಎರಡು ಹೋದವು, ದಸರೆಗೊಂದು ಹೋಗುತ್ತದೆ, ಉಳಿದದ್ದು ಒಂದು. ಮನೆಖರ್ಚಿನ ಲೆಕ್ಕ ಬಲ್ಲವಳಿಗೆ ಈ ಲೆಕ್ಕ ಕಷ್ಟವಾಗಲಿಲ್ಲ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಆಕೆ ಮನೆಯ ಸೀರೆಯನ್ನು ಬದಲಿಸಿ, ಹೊರಗೆ ಹೋಗುವಾಗ ಉಡುವ ಗಂಜಿ ಹಾಕಿದ ಹತ್ತಿಸೀರೆಯನ್ನುಟ್ಟು, ಕೈಚೀಲ ಹಿಡಿದು ನಡುಮನೆಗೆ ಬಂದಳು.

“ಎಲ್ಲಿಗಮ್ಮ ಹೊರಟೆ, ಈ ಬಿಸಿಲಿನಲ್ಲಿ?” ಎಂದರು ಅತ್ತೆ.

“ಕಾಲೇಜಿಗೆ, ಅತ್ತೆ. ಮೂರೂವರೆಗೆ ಬಂದುಬಿಡುತ್ತೇನೆ” ಎಂದು ಹೇಳಿ ಊಟದ ಮೇಜಿನ ಬಳಿ ಹೋಗಿ ಕುಳಿತಳು.

ಅತ್ತೆ ಮೊದಲ ದಿನ ನಕ್ಕರು. ಎರಡನೆಯ ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಚಂದಾ ಕೇಳಲು ಬಂದವರಿಗೆ ಬಾಗಿಲಲ್ಲೇ ನಿಂತು, “ಸೊಸೆ ಕಾಲೇಜಿಗೆ ಹೋಗಿದ್ದಾಳೆ, ಮೂರೂವರೆಯ ಮೇಲೆ ಬನ್ನಿ” ಎಂದರು. ಬಂದವರಿಗೆ ಆ ‘ಹೋದ’ ಸೊಸೆ ಕಿಟಕಿಯಿಂದ ಚೆನ್ನಾಗಿ ಕಾಣಿಸುತ್ತಿದ್ದಳು. ಅವರು ಏನೆಂದುಕೊಂಡರೋ!

ಓದುವ ಕ್ರಮವನ್ನೂ ಆಕೆ ತಿದ್ದಿಕೊಳ್ಳಬೇಕಾಯಿತು. ಕನ್ನಡ ಮಾಧ್ಯಮದಲ್ಲಿ ಕಲಿತವಳಿಗೆ ಇಂಗ್ಲಿಷಿನ ಉಪನ್ಯಾಸ ಓಡುವ ರೈಲಿನಂತೆ ಕೇಳಿಸುತ್ತಿತ್ತು. ವೇಗವನ್ನು ಮುಕ್ಕಾಲಿಗೆ ಇಳಿಸಿ, ಕೆಳಗೆ ಮೂಡುವ ಅಕ್ಷರಗಳನ್ನೂ ನೋಡುತ್ತ, ತಿಳಿದುದನ್ನು ಕನ್ನಡದಲ್ಲಿ ಬರೆದುಕೊಳ್ಳತೊಡಗಿದಳು. ಕೇಳುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಪರದೆ ಮುಚ್ಚಿ ಹೇಳಹೊರಟಾಗ ಬಂಡವಾಳ ಹೊರಬೀಳುತ್ತದೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದನೆಂದು ಆ ಪಾಠದಲ್ಲಿಯೇ ಬಂದಿತ್ತು. ಆಕೆ ಅದನ್ನು ಔಷಧಿಯಂತೆ ಸೇವಿಸಿದಳು: ಸಂಜೆ ಅತ್ತೆಯೊಡನೆ ಮಲ್ಲಿಗೆ ಕಟ್ಟುತ್ತ, ಪುಸ್ತಕ ನೋಡದೆ, ಆ ದಿನದ ಪಾಠವನ್ನು ಅವರಿಗೆ ಹೇಳುವುದು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ಪಾವ್ಲೋವನ ನಾಯಿಯ ಕಥೆ ಕೇಳಿ ಅತ್ತೆ, “ಇದಕ್ಕೆ ರಷ್ಯಾಕ್ಕೆ ಹೋಗಬೇಕಿತ್ತೆ? ಹಾಲಿನ ಪಾತ್ರೆ ಸದ್ದಾದರೆ ನಮ್ಮ ಬೆಕ್ಕು ಬರುವುದಿಲ್ಲವೆ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹಾಲು ಹಾಕದೆ ಬರಿಯ ಸದ್ದನ್ನೇ ಮಾಡುತ್ತಿದ್ದರೆ ಅದು ಎಷ್ಟು ದಿನ ಬರುತ್ತದೆ?” ಎಂದು ಕೇಳಿದರು. ಆಕೆಗೆ ಉತ್ತರ ತಿಳಿದಿರಲಿಲ್ಲ. ಮರುದಿನ ಎರಡು ಗಂಟೆಗೆ ಅದನ್ನೇ ಹುಡುಕಿದಳು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆಯನ್ನು ಯಾವ ಮೇಷ್ಟರೂ ಮಾಡಿಸಲಾರರು.

ದಸರೆ ತನ್ನ ಪಾಲನ್ನು ತೆಗೆದುಕೊಂಡಿತು. ಜಂಬೂಸವಾರಿ ನೋಡಲು ಬಂದ ಹನ್ನೊಂದು ಮಂದಿ ನೆಂಟರ ನಡುವೆ ಊಟದ ಮೇಜು ಮತ್ತೆ ಊಟದ ಮೇಜೇ ಆಯಿತು. ಅದಾದ ಮೇಲೆ ಒಂದು ರಾತ್ರಿ ಗಡುವಿಗೆ ಒಂದು ಗಂಟೆ ಇರುವಾಗ ಇಂಟರ್‌ನೆಟ್ ಹೋಯಿತು. ಮಗನ ಮೊಬೈಲಿನಿಂದ ಸಂಪರ್ಕ ಪಡೆದು ಹೇಗೋ ಕಳುಹಿಸಿದಳು. ಅಂದಿನಿಂದ ಎರಡು ದಿನ ಮೊದಲೇ ಮುಗಿಸುವುದು ಮನೆಯ ಕಾನೂನಾಯಿತು.

ಪರೀಕ್ಷೆ ಮಾತ್ರ ಮನೆಯಲ್ಲಲ್ಲ. ಪ್ರವೇಶಪತ್ರ, ಗುರುತಿನ ಚೀಟಿ ಹಿಡಿದು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರಿನಲ್ಲಿ ಬರೆಯಬೇಕು. ಆ ದಿನವೂ ಅದೇ ಹತ್ತಿಸೀರೆ. ಬಾಗಿಲ ತನಕ ಬಂದ ಅತ್ತೆ, “ಈವತ್ತು ನಿಜವಾಗಿಯೇ ಹೋಗುತ್ತಿದ್ದೀಯಲ್ಲ!” ಎಂದರು.

75ಕ್ಕೆ 43 ಅಂಕ ಬಂದವು. ಪದವಿಯ ಅರ್ಜಿ ತುಂಬಲು ಕುಳಿತಾಗ ಹೊಸದೊಂದು ತೊಡಕು ಎದುರಾಯಿತು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್ ಚೀಟಿಯಲ್ಲಿ ಗಂಡನ ಹೆಸರು. ಅಂಕಪಟ್ಟಿಯ ಹುಡುಗಿಯೂ ಈ ಗೃಹಿಣಿಯೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕು. ಅಲ್ಲಿಯವರೆಗೂ ಈ ವಿಷಯದಲ್ಲಿ ಹೆಚ್ಚು ಮಾತನಾಡದಿದ್ದ ಯಜಮಾನರು ಅರ್ಧ ದಿನ ರಜೆ ಹಾಕಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ನೋಟರಿಯ ಬಳಿಗೆ ಕರೆದೊಯ್ದರು.

“ಮುಂದಕ್ಕೆ ಯಾವ ಹೆಸರಮ್ಮ?” ಎಂದು ಬೆರಳಚ್ಚಿನವನು ಕೇಳಿದ.

ಯಜಮಾನರು ಬಾಯಿ ತೆರೆದವರು ಸುಮ್ಮನಾಗಿ ಆಕೆಯ ಮುಖ ನೋಡಿದರು. ಆಕೆ ಅಂಕಪಟ್ಟಿಯನ್ನು ಮುಂದಕ್ಕೆ ತಳ್ಳಿ, “ಇದರಲ್ಲಿ ಇರುವಂತೆಯೇ ಬರೆಯಿರಿ” ಎಂದಳು.