ಎತ್ತುವಲ್ಲಿ, ಇಡುವಲ್ಲಿ

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣವೂ ಒಂದು. ಕಮಂಡಲುವಾಗಲಿ ಶಾಸ್ತ್ರವಾಗಲಿ, ಎತ್ತುವ ಮುನ್ನ ಮತ್ತು ಇಡುವ ಮುನ್ನ ಸ್ಥಳವನ್ನು ಕಣ್ಣಿಟ್ಟು ನೋಡಿ, ಪಿಂಛಿಯಿಂದ ಮೃದುವಾಗಿ ಸವರಿ, ಅಲ್ಲಿ ಜೀವಿಗಳಿಲ್ಲವೆಂದು ಅರಿತ ಮೇಲೆಯೇ ಕೈಹಾಕುವುದು ಅದರ ಕ್ರಮ. ಗೃಹಸ್ಥನಿಗೆ ಅಷ್ಟು ಕಟ್ಟುನಿಟ್ಟಿಲ್ಲವಾದರೂ ಅದರ ಭಾವವು ಅವನಿಗೂ ಬೇಕಾದದ್ದೇ. ಮೈಸೂರಿನ ಬೋಗಾದಿಯ ಮನೆಯೊಂದರಲ್ಲಿ ಅದನ್ನು ಕಲಿಸಿದ್ದು ಮೀನುಗಳ ಗಾಜಿನ ತೊಟ್ಟಿ.

ಆ ಮನೆಯ ಯಜಮಾನರು ವ್ಯಾಪಾರದಿಂದ ನಿವೃತ್ತರಾದವರು. ನೆರೆಯವರು ಊರು ಬಿಡುವಾಗ ತಮ್ಮ ಅಕ್ವೇರಿಯಂ ಅನ್ನು ಕಬ್ಬಿಣದ ಸ್ಟ್ಯಾಂಡ್ ಸಹಿತ ಇವರ ಮೊಮ್ಮಗನಿಗೆ ಕೊಟ್ಟುಹೋದರು. ಒಳಗೆ ಐದು ಗೋಲ್ಡ್ ಫಿಷ್‌ಗಳಿದ್ದವು. ಮನೆಯೊಡತಿಗೆ ಸಮಾಧಾನವಾಗಲಿಲ್ಲ. "ಬಂಧನವೂ ಅಹಿಂಸಾಣುವ್ರತಕ್ಕೆ ಅತಿಚಾರವೇ ಅಲ್ಲವೇನ್ರೀ? ಲಿಂಗಾಂಬುಧಿ ಕೆರೆಗೆ ಬಿಟ್ಟುಬಿಡಿ" ಎಂದರು. ಮಾತು ನ್ಯಾಯವಾದದ್ದೇ. ಆದರೆ ತೊಟ್ಟಿಯಲ್ಲಿ ಬೆಳೆದ ಮೀನು ಕೆರೆಯಲ್ಲಿ ಹಕ್ಕಿಗಳಿಗೆ ಸುಲಭದ ಆಹಾರ. ಬದುಕಿ ಹೆಚ್ಚಿದರೆ ಅಲ್ಲಿಯ ಸ್ಥಳೀಯ ಜಲಚರಗಳಿಗೆ ಕಂಟಕ. ಆದ್ದರಿಂದ ಹೊಸ ಮೀನು ತರುವುದಿಲ್ಲ, ಇರುವವುಗಳನ್ನು ಕೊನೆಯವರೆಗೆ ಸಾಕುವುದು ಎಂದು ನಿಶ್ಚಯವಾಯಿತು.

ನಡುಮನೆಯ ನೆಲವು ತೊಳೆದ ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಇಳಿಜಾರಾಗಿತ್ತು. ತೊಟ್ಟಿಯಲ್ಲಿ ನೀರಿನ ಅಂಚು ಒಂದು ತುದಿಯಲ್ಲಿ ಎಂಟು ಮಿಲಿಮೀಟರು ಮೇಲಿತ್ತು. ಯಜಮಾನರು ತೊಟ್ಟಿಯ ಆ ತುದಿಯನ್ನು ತುಸು ಎತ್ತಿಸಿ, ರಟ್ಟನ್ನು ಮಡಿಸಿ ಗಾಜಿನ ಅಡಿಗೆ ತುರುಕಿದರು. ನೀರು ಮಟ್ಟವಾಯಿತು, ಕೆಲಸ ಮುಗಿಯಿತೆಂದುಕೊಂಡರು. ಒಂದೂವರೆ ತಿಂಗಳಲ್ಲಿ ತಳದ ಬೆಸುಗೆಯಿಂದ ನೀರು ಹನಿಯತೊಡಗಿತು.

ಆಗ ಅವರು ಮಾಡಬೇಕಾದ ಲೆಕ್ಕವನ್ನು ತಡವಾಗಿ ಮಾಡಿದರು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಮೇಲೆ ಎರಡು ಅಂಗುಲ ಬಿಟ್ಟರೂ ಸುಮಾರು 113 ಲೀಟರು ನೀರು, ಅಂದರೆ ಅಷ್ಟೇ ಕಿಲೋ. ಗಾಜು, ಜಲ್ಲಿಕಲ್ಲು ಸೇರಿದರೆ ಒಂದೂವರೆ ಕ್ವಿಂಟಾಲ್. ಐವತ್ತು ಕಿಲೋದ ಮೂರು ಅಕ್ಕಿಮೂಟೆಗಳಷ್ಟು. ಇಡೀ ತಳದ ಮೇಲೆ ಸಮವಾಗಿ ಹರಡಬೇಕಾದ ಈ ಭಾರವು ರಟ್ಟಿನ ಅಂಚಿನ ಮೇಲೆ ಕುಳಿತಿತ್ತು. ಗಾಜು ಬಾಗದು, ಬೆಸುಗೆ ಬಿಡುತ್ತದೆ, ಇಲ್ಲವೇ ಗಾಜೇ ಸೀಳುತ್ತದೆ. ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನು ನಲವತ್ತು ವರ್ಷ ಸರಿನೋಡಿದವರು ಇಲ್ಲಿ ಐದು ಪಂಚೇಂದ್ರಿಯ ಜೀವಿಗಳ ಕೆಳಗೆ ಅಜಾಗರೂಕರಾಗಿದ್ದರು. ಅತಿಭಾರಾರೋಪಣವೆಂದರೆ ಎತ್ತಿನ ಬೆನ್ನಿಗೆ ಹೆಚ್ಚು ಹೇರುವುದಷ್ಟೇ ಎಂದು ತಿಳಿದಿದ್ದ ಅವರಿಗೆ, ಪ್ರಮಾದವು ಎಲ್ಲಿ ಬೇಕಾದರೂ ಭಾರವನ್ನು ತಪ್ಪಾಗಿ ಇಡಬಲ್ಲದೆಂದು ಅರಿವಾಯಿತು.

"ನಾಲ್ಕು ಜನ ಸೇರಿ ನೀರಿನ ಸಮೇತ ಎತ್ತಿಬಿಡೋಣ" ಎಂದು ಹುಡುಗರು ಮುಂದೆ ಬಂದರು. ಯಜಮಾನರು ತಡೆದರು. ಎತ್ತಿದ ಕೂಡಲೇ ಒಳಗಿನ ನೀರು ತುಳುಕಿ ಒಂದೇ ಕಡೆಗೆ ನುಗ್ಗುತ್ತದೆ. ಮೊದಲು ವಿದ್ಯುತ್ ತಂತಿಗಳನ್ನು ಕಳಚಿದರು. ತೊಟ್ಟಿಯ ನೀರನ್ನೇ ಅಗಲವಾದ ಟಬ್ಬಿಗೆ ತುಂಬಿ ಮೀನುಗಳನ್ನು ಅದರಲ್ಲಿ ಬಿಟ್ಟು, ಗಾಳಿಯ ಪಂಪು ಹಾಕಿ, ಜಾಲರಿ ಮುಚ್ಚಿದರು. ಸೋಸುವ ಸ್ಪಂಜನ್ನೂ ಜಲ್ಲಿಯನ್ನೂ ನಲ್ಲಿಯಲ್ಲಿ ತೊಳೆಯದೆ ಹಳೆಯ ನೀರಿನಲ್ಲೇ ಇಟ್ಟರು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಅವುಗಳಲ್ಲಿವೆ. ಒಣಗಿದರೆ ಅಥವಾ ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಅವು ಸಾಯುತ್ತವೆ, ಬಳಿಕ ಮೀನುಗಳೂ. ನೀರನ್ನು ಗಾಳಿಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿಸುತ್ತಿದ್ದ ಮನೆತನಕ್ಕೆ ಈ ಮಾತು ಹೊಸದಾಗಿ ಕೇಳಿಸಲಿಲ್ಲ.

ಬರಿದಾದ ತೊಟ್ಟಿಯನ್ನು ಮೇಲಂಚು ಹಿಡಿಯದೆ, ತಳಕ್ಕೆ ಕೈಕೊಟ್ಟು ಇಬ್ಬರು ಇಳಿಸಿದರು. ಬಲ್ಲವರಿಂದ ಬೆಸುಗೆ ಹೊಸದಾಯಿತು. ಅದು ಪೂರ್ತಿ ಒಣಗಿದ ಮೇಲೆ ಅಂಗಳದಲ್ಲಿ ನೀರು ತುಂಬಿ ಒಂದು ದಿನ ಪರೀಕ್ಷಿಸಿದರು. ಅಷ್ಟರಲ್ಲಿ ಸ್ಟ್ಯಾಂಡನ್ನು ಗೋಡೆಯ ಪಕ್ಕದ ಗಟ್ಟಿ ನೆಲಕ್ಕೆ ಸರಿಸಿ, ಗಾರೆಯವರ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು ನೋಡಿದರು. ತಗ್ಗಿದ ಕಾಲುಗಳ ಅಡಿಗೆ, ಕಾಲಿನ ಪೂರ್ತಿ ಅಗಲಕ್ಕೆ ಹೊಂದುವ ಗಟ್ಟಿ ತಗಡುಗಳನ್ನು ಕೊಟ್ಟರು. ಮಟ್ಟ ಮಾಡಬೇಕಾದದ್ದು ಸ್ಟ್ಯಾಂಡನ್ನು, ತೊಟ್ಟಿಯನ್ನಲ್ಲ. ಮೇಲೆ ದಪ್ಪ ಹಲಗೆ, ಅದರ ಮೇಲೆ ಥರ್ಮೋಕೋಲ್ ಹಾಳೆ. ಅದು ಸಣ್ಣ ಉಬ್ಬುತಗ್ಗುಗಳನ್ನು ನುಂಗುತ್ತದೆಯೇ ಹೊರತು ಇಳಿಜಾರನ್ನಲ್ಲ. ಕಾಲುಭಾಗ ನೀರು ತುಂಬಿ ನಾಲ್ಕು ಮೂಲೆಗಳಲ್ಲೂ ಅಳೆದರು. ಸರಿಯಿತ್ತು. ಉಳಿಸಿದ್ದ ಹಳೆಯ ನೀರನ್ನೂ, ಒಂದು ದಿನ ತೆರೆದಿಟ್ಟು ಕ್ಲೋರಿನ್ ಕಳೆದ ನೀರನ್ನೂ ನಿಧಾನವಾಗಿ ಸುರಿದು, ಎರಡು ನೀರಿನ ಬಿಸಿಯೂ ಒಂದಾದ ಮೇಲೆ ಮೀನುಗಳನ್ನು ಬಿಟ್ಟರು.

ಐದೂ ಉಳಿದವು. ಆದರೂ ಯಜಮಾನರು ಅದನ್ನು ಪುಣ್ಯದ ಖಾತೆಗೆ ಬರೆಯಲಿಲ್ಲ. ತಾವೇ ಮಾಡಿದ ಸಾಲ ತೀರಿತು ಎಂದರಷ್ಟೆ. ತೀರ್ಥಂಕರರ ಮಾತೆ ಕಂಡ ಹದಿನಾರು ಸ್ವಪ್ನಗಳಲ್ಲಿ ಮೀನಯುಗಳವೂ ಒಂದು. ಅವು ವಿಹರಿಸುತ್ತಿದ್ದುದು ಗಾಜಿನೊಳಗಲ್ಲ. ಬಂಧನವನ್ನು ಬಿಡಿಸಲು ಆಗದಿದ್ದಾಗ ಅದನ್ನಾದರೂ ಸಮವಾಗಿ, ಅಲುಗದಂತೆ ಇಡುವ ಹೊಣೆ ಗೃಹಸ್ಥನದು. ಮಡಿಸಿದ ಆ ರಟ್ಟನ್ನು ಮೊಮ್ಮಗ ಎಸೆಯಲು ಹೋದಾಗ, "ಇರಲಿ ಮಗು, ಕಣ್ಣಿಗೆ ಬೀಳುತ್ತಿರಲಿ" ಎಂದು ಅದನ್ನು ತಮ್ಮ ಲೆಕ್ಕದ ಪುಸ್ತಕದ ಪಕ್ಕದಲ್ಲಿಟ್ಟುಕೊಂಡರು.